ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ

ದಾವಣಗೆರೆಯಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುವವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ, ಮಕ್ಕಳ ಯೋಚನೆ ಬೆಳೆಯುವ ಬಗ್ಗೆ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ವಯಸ್ಸಿನ ಸಮೇತ ಒಪ್ಪಿಸುತ್ತಾರೆ. ನಾನೂ ಒಪ್ಪಿಸಿದವನೇ. ಶಿಶು ವಿಕಸನಕ್ಕೆ 30 ಅಂಕ, ಬಿಡೋಕಾಗುತ್ತಾ?

ನೌಕರಿ ಸಿಕ್ಕಿ ಜಗಳೂರು ಕಡೆಯ ಶಾಲೆಗೆ ಹೋದ ಮೇಲೆ ಪಿಯಾಜೆಯ ಪ್ರಯೋಗ ಮಾಡಿಯೇ ನೋಡೋಣ ಅನ್ನಿಸಿತು. ಅವರು ನೀರು ಸುರಿದು ನೋಡಿದ್ದರು. ನಮ್ಮಲ್ಲಿ ಮಂಡಕ್ಕಿಗೇನು ಬರ? ಎರಡು ಲೋಟಕ್ಕೆ ಸಮ ಸಮ ತುಂಬಿ, ಒಂದನೇ ಕ್ಲಾಸಿನ ಹುಡುಗಿಗೆ "ಎರಡರಲ್ಲೂ ಒಂದೇ ಇದೆಯಾ?" ಅಂದೆ. "ಹೂಂ." ಒಂದು ಲೋಟದ್ದನ್ನು ಅಗಲ ತಟ್ಟೆಗೆ ಸುರಿದು ಮತ್ತೆ ಅದನ್ನೇ ಕೇಳಿದೆ. ತಟ್ಟೆ ನೋಡಿದಳು. ನನ್ನ ಮುಖ ನೋಡಿದಳು. "ಲೋಟದಾಗೆ ಜಾಸ್ತಿ ಐತೆ ಸಾರ್."

ಪಾತ್ರೆಯ ಆಕಾರ ಬದಲಾದರೆ ಪ್ರಮಾಣವೂ ಬದಲಾಯ್ತು ಅಂತ ಚಿಕ್ಕ ಮಕ್ಕಳು ಅಂದುಕೊಳ್ಳುತ್ತಾರೆ ಅಂತ ಪುಸ್ತಕದಲ್ಲಿದ್ದ ಹಾಗೇ ಆಯ್ತಲ್ಲ ಅಂತ ನನಗೆ ಖುಷಿಯೋ ಖುಷಿ. ಆಮೇಲೆ ಇಬ್ಬರೂ ಮಂಡಕ್ಕಿ ತಿನ್ನುತ್ತಾ ಕೂತಾಗ ಸುಮ್ನೆ ಕೇಳಿದೆ, ಯಾಕೆ ಹಂಗಂದೆ ಅಂತ.

"ನೀವು ಇನ್ನೊಂದ್ಸಲ ಕೇಳಿದ್ರಲ್ಲ ಸಾರ್, ಮೊದ್ಲು ಹೇಳಿದ್ದು ತಪ್ಪಾಗೈತೆ ಅನ್ಕಂಡೆ."

ನಮ್ಮ ಕ್ಲಾಸುಗಳಲ್ಲಿ ನಡೆಯೋದೇ ಅದು ಅಲ್ವಾ? ಸರಿ ಹೇಳಿದರೆ "ಗುಡ್, ಕೂತ್ಕೋ". ತಪ್ಪಿದರೆ ಮಾತ್ರ "ಇನ್ನೊಂದ್ಸಲ ಹೇಳು". ಆ ಮಗು ಅಳೆದದ್ದು ನನ್ನನ್ನು.

ಇದನ್ನು ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಹಿಡಿದಿದ್ದರಂತೆ. ಎರಡು ಸಾಲಿನಲ್ಲಿ ಸಮ ಸಮ ಇಟ್ಟ ಬಿಲ್ಲೆಗಳನ್ನು ದೊಡ್ಡವರು ಸರಿಸುವ ಬದಲು ತುಂಟ ಕರಡಿ ಗೊಂಬೆಯೊಂದು ಬಂದು ಕೆಡಿಸಿದ ಹಾಗೆ ಮಾಡಿದರು. ಎರಡು ಸಾಲಿನಲ್ಲೂ ಅಷ್ಟೇ ಇವೆ ಅನ್ನೋ ಸರಿ ಉತ್ತರ ಕೊಟ್ಟ ಮಕ್ಕಳು ಎಷ್ಟೋ ಜಾಸ್ತಿಯಾದರು.

ಹಾಗಂತ ಪಿಯಾಜೆಯನ್ನು ಮೂಲೆಗೆ ತಳ್ಳಬೇಕಿಲ್ಲ. ಮಗುವಿನ ತಪ್ಪಿಗೂ ಅದರದೇ ಒಂದು ಲೆಕ್ಕ ಇರುತ್ತೆ ಅಂತ ನಮಗೆ ತೋರಿಸಿದ ಪುಣ್ಯಾತ್ಮ ಆತ. ನನ್ನ ತಕರಾರು ಇರೋದು ಸ್ಟಾಫ್ ರೂಮಿನ ಮಾತಿನ ಮೇಲೆ. "ಇವನಿನ್ನೂ ಆ ಹಂತಕ್ಕೆ ಬಂದಿಲ್ಲ ಬಿಡ್ರಿ" ಅಂದುಬಿಟ್ಟರೆ ಕಲಿಸೋ ತಾಪತ್ರಯವೇ ಇಲ್ಲ! ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ. ಗೊತ್ತಿರುವವರು ಪಕ್ಕದಲ್ಲಿದ್ದರೆ ಈ ಮಗು ಎಲ್ಲಿವರೆಗೆ ಹೋಗುತ್ತೆ ಅನ್ನೋದು ಅವರ ಪ್ರಶ್ನೆ. ನನಗೆ ದಿನಾ ಕೆಲಸಕ್ಕೆ ಬರೋದು ಅದೇ.

ಮರುದಿನ ಮಂಡಕ್ಕಿ ಅಂಗಡಿಯವರ ಮನೆಯ ನಾಲ್ಕನೇ ಕ್ಲಾಸಿನ ಹುಡುಗಿಯನ್ನು ಆ ಒಂದನೇ ಕ್ಲಾಸಿನವಳ ಜೊತೆ ಕೂರಿಸಿದೆ. ಮಾತಿಲ್ಲ ಕತೆಯಿಲ್ಲ, ದೊಡ್ಡವಳು ತಟ್ಟೆಯದ್ದನ್ನು ವಾಪಸ್ ಲೋಟಕ್ಕೆ ಸುರಿದಳು. ಚಿಕ್ಕವಳೂ ಸುರಿದಳು, ನಾಲ್ಕು ಸಲ. ಆಮೇಲೆ ತಟ್ಟೆ ಹಿಡಿದು ನನ್ನ ಹತ್ತಿರ ಬಂದು, "ಯಾವುದರಾಗೆ ಜಾಸ್ತಿ ಐತೆ ಸಾರ್?" ಅಂದಳು. ಎರಡೂ ಒಂದೇ ಅಂದೆ. ಥೇಟ್ ನನ್ನ ಹಾಗೇ ಹುಬ್ಬೇರಿಸಿ ಇನ್ನೊಂದ್ಸಲ ಕೇಳಿದಳು. ನಿಜ ಹೇಳ್ತೀನಿ, ನಾನೂ ಒಂದು ಗಳಿಗೆ ತಟ್ಟೆ ನೋಡಿದೆ.