ಫಾರ್ಮ್ಯಾಟ್ ಕೊಡ್ಲಾ ಅಂಕಲ್?

"ಫಾರ್ಮ್ಯಾಟ್ ಕೇಳ್ತಿದೆ ಅಂಕಲ್, ಕೊಡ್ಲಾ?"

ಬಾಗಿಲಿಗೆ ಬಂದವರು ಒಂದು ಹಿಡಿ ಅಕ್ಕಿ ಕೇಳ್ತಿದಾರೆ, ಕೊಡ್ಲಾ ಅನ್ನುವ ಧಾಟಿ. ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಚಿಲ್ಲರೆ ಎಣಿಸುತ್ತಿದ್ದ ನಾನು ಇನ್ನೇನು ಹೂಂ ಅಂದುಬಿಡುತ್ತಿದ್ದೆ. ಪುಣ್ಯಕ್ಕೆ, ಫಾರ್ಮ್ಯಾಟ್ ಅಂದರೆ ಪೆನ್‌ಡ್ರೈವಿನಲ್ಲಿದ್ದುದನ್ನೆಲ್ಲ ಅಳಿಸಿಹಾಕುವುದು ಎಂದು ತಲೆಗೆ ಹೊಳೆಯಿತು. "ಅಯ್ಯೋ, ಬೇಡ್ವೋ!" ಎಂದು ಕೂಗಿದ ರಭಸಕ್ಕೆ ಆಧಾರ್ ಕಾರ್ಡಿನ ಲ್ಯಾಮಿನೇಷನ್‌ಗೆ ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದರು.

ಹುಡುಗ ಪೆನ್‌ಡ್ರೈವ್ ಕಿತ್ತ. ಬಾಯಿಂದ ಉಫ್ ಎಂದು ಊದಿದ. ಇನ್ನೊಂದು ಕಿಂಡಿಗೆ ಚುಚ್ಚಿದ. ಮತ್ತೆ ಕಿತ್ತ, ಮತ್ತೆ ಊದಿದ. ಮೂರನೇ ಸಲಕ್ಕೆ ಕಂಪ್ಯೂಟರು ಟಿಣ್ ಅನ್ನುವ ಸೌಜನ್ಯವನ್ನೂ ತೋರಿಸಲಿಲ್ಲ. "ಹೋಯ್ತು ಅಂಕಲ್" ಅಂದ. ಹೋದದ್ದಕ್ಕಿಂತ ಅಂಕಲ್ ಅಂದದ್ದು ಜಾಸ್ತಿ ಚುಚ್ಚಿತು.

ಪ್ರಿಂಟ್ ತೆಗೆಸಲು ಹೋಗಿದ್ದು ಹನ್ನೊಂದು ತಿಂಗಳ ಬಾಡಿಗೆ ಕರಾರು ಪತ್ರ. ಅದು ಹೋದರೆ ಏನೂ ಇಲ್ಲ, ಆ ಹುಡುಗನ ಬಳಿಯೇ ಇಪ್ಪತ್ತು ನಮೂನೆ ಇದ್ದವು, ಹೆಸರು ಬದಲಿಸಿ ಐದು ನಿಮಿಷದಲ್ಲಿ ಕೊಟ್ಟ. ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ.

"ಏನಿತ್ತು ಅದರಲ್ಲಿ?" ಎಂದು ಕೇಳಿದಳು ಹೆಂಡತಿ.

"ಎಲ್ಲಾ ಇತ್ತು."

"ಎಲ್ಲಾ ಅಂದ್ರೆ?"

ಹೇಳಲು ಹೋದರೆ ನೆನಪಿಗೆ ಬಂದದ್ದು ಮೂರೇ. ಗ್ಯಾಸ್ ಪುಸ್ತಕದ ಸ್ಕ್ಯಾನು, ತಿರುಪತಿಯಲ್ಲಿ ಕಣ್ಣು ಮುಚ್ಚಿಕೊಂಡ ನನ್ನ ಫೋಟೋ, ಯಾರದೋ ಭಾವಮೈದುನನ ರೆಸ್ಯೂಮೆ. ಆತನಿಗೆ ಕೆಲಸ ಸಿಕ್ಕು, ಬಿಟ್ಟು, ಈಗ ಸ್ವಂತ ಅಂಗಡಿ ಇಟ್ಟಿರಬೇಕು. "ಇದಕ್ಕಾ ಮುಖ ಹೀಗೆ ಮಾಡ್ಕೊಂಡಿರೋದು?" ಎಂದು ಅವಳು ಒಳಗೆ ಹೋದಳು.

ಎದುರು ಮನೆಯ ಸಾಫ್ಟ್‌ವೇರ್ ಹುಡುಗ ಸುದ್ದಿ ತಿಳಿದು ಬಂದ. ಮೂರು ಪ್ರತಿ ಇರಬೇಕಂತೆ, ಅವು ಎರಡು ಬೇರೆ ಬೇರೆ ತರಹದ ಸಾಧನಗಳಲ್ಲಿ ಇರಬೇಕಂತೆ, ಒಂದು ಪ್ರತಿ ಮನೆಯಿಂದಾಚೆ ಇರಬೇಕಂತೆ. ಬಲ್ಲವರು ಮಾಡಿದ ನಿಯಮವಂತೆ. ಇರಲಿ. ಆದರೆ ಇದನ್ನು ಈಗ ಹೇಳುವುದು, ಸಾವಿನ ಮನೆಗೆ ಬಂದು "ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ?" ಎಂದು ವಿಚಾರಿಸಿದ ಹಾಗಲ್ವಾ? ಇಂಥವರು ಪ್ರತಿ ಬೀದಿಗೊಬ್ಬರು ಇದ್ದಾರೆ. ಕಾಫಿ ಕುಡಿಯದೆ ಹೋಗುವುದೂ ಇಲ್ಲ.

ಅವನೇ ಇನ್ನೊಂದು ಸಂಗತಿ ಹೇಳಿದ. ಪೆನ್‌ಡ್ರೈವಿನೊಳಗೆ ಬರೆದಿಡುವುದೆಲ್ಲ ಕೂಡಿಹಾಕಿದ ಎಲೆಕ್ಟ್ರಾನುಗಳಂತೆ. ವರ್ಷಗಟ್ಟಲೆ ಸುಮ್ನೆ ಇಟ್ಟರೆ ಮೆಲ್ಲಗೆ ಸೋರಿಹೋಗುತ್ತವಂತೆ. ಹಾಗಾದರೆ ಜೋಪಾನ ಮಾಡಿದ್ದೇ ನನ್ನ ತಪ್ಪು! ಆಮೇಲೆ ನಾನೇ ಹುಡುಕಿ ಓದಿದೆ. 1980ರ ದಶಕದಲ್ಲಿ ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುಓಕ ಎನ್ನುವವರು ಇದರೊಳಗಿನ ಮೆಮೊರಿಯನ್ನು ಕಂಡುಹಿಡಿದರು. 'ಫ್ಲಾಶ್' ಎಂಬ ಹೆಸರು ಸೂಚಿಸಿದ್ದು ಅವರ ಸಹೋದ್ಯೋಗಿ. ಯಾಕೆ ಆ ಹೆಸರು ಅಂದರೆ, ಇದರಲ್ಲಿ ಬರೆದದ್ದನ್ನು ಅಳಿಸುವ ಬಗೆ ಅವರಿಗೆ ಕ್ಯಾಮೆರಾದ ಫ್ಲಾಶನ್ನು ನೆನಪಿಸಿತಂತೆ. ಗಮನಿಸಿ, ಉಳಿಸುವುದಲ್ಲ, ಅಳಿಸುವುದು. ನಾಮಕರಣದ ದಿನವೇ ಹೇಳಿಬಿಟ್ಟಿದ್ದಾರೆ. ನಾವೇ ಕೇಳಿಸಿಕೊಂಡಿಲ್ಲ.

ರಾತ್ರಿ ಮಲಗಿದಾಗ ನಾಲ್ಕನೆಯದು ನೆನಪಾಯಿತು. ಎದ್ದು ಕೂತೆ.

2009ರಲ್ಲಿ ನಮ್ಮ ಬಡಾವಣೆಯ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತಂದಿತು. ಸಂಪಾದಕ ನಾನು. ಅಂದರೆ ಜಾಹೀರಾತು ಕೊಡಿ ಎಂದು ಬೇಕರಿ, ಚಿನ್ನದಂಗಡಿ ಅಲೆದವನು ನಾನು. ಅರವತ್ತನಾಲ್ಕು ಪುಟ. ಎಲ್ಲವನ್ನೂ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೂರಿಸಿದ್ದೆ. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ನಮ್ಮ ಬೀದಿಗಿನ್ನೂ ಬಂದಿರಲಿಲ್ಲ. ಆ ಕಾಲದ ಕಡತವನ್ನು ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು, 'ಕ' ಇರಬೇಕಾದಲ್ಲಿ ಇಂಗ್ಲಿಷಿನ ಪಿ ಕಾಣುತ್ತೆ, 'ನ' ಇರಬೇಕಾದಲ್ಲಿ ಬ್ರಿಟಿಷರ ಪೌಂಡಿನ ಗುರುತು. ಕನ್ನಡ ಅಂತ ಬರೆದರೆ ಲಂಡನ್ನಿನ ಅಂಗಡಿ ಬಿಲ್ಲು. ಪೇಟೆಯ ಒಂದು ಪ್ರೆಸ್ಸಿಗೆ ಪೆನ್‌ಡ್ರೈವ್ ಕೊಟ್ಟು ಬಂದೆ. ಅವರು ತಮ್ಮ ಫಾಂಟಿಗೆ ಬದಲಿಸುವಾಗ ಮಿಕ್ಕಿದ್ದೆಲ್ಲ ಸರಿಯಾಗಿ ಬಂತು, ಅರ್ಕಾವತ್ತು ಮಾತ್ರ ಉದುರಿತು. ಒಂದೆರಡಲ್ಲ, ಅಷ್ಟೂ.

ಕರಡು ತಿದ್ದಲು ಸಮಯ ಇರಲಿಲ್ಲ. ಯಾಕೆ ಇರಲಿಲ್ಲ ಎಂದರೆ, ಖಜಾಂಚಿ ಮುಂಗಡ ಕೊಟ್ಟಿದ್ದೇ ಮೂರು ದಿನ ಮೊದಲು. ಈಗಲೂ ಅವರು ಸಿಕ್ಕರೆ ನಾನು ರಸ್ತೆಯ ಇನ್ನೊಂದು ಬದಿಗೆ ಹೋಗುತ್ತೇನೆ.

ಮುನ್ನೂರು ಪ್ರತಿ, ಬಿಸಿ ಬಿಸಿಯಾಗಿ, ನೇರ ವೇದಿಕೆಗೆ ಬಂತು. ಮುಖಪುಟದಲ್ಲೇ 'ಕನಾಟಕ'. ಒಳಗೆ 'ಹಾದಿಕ ಶುಭಾಶಯಗಳು'. ನಮ್ಮ ಕಾರ್ಯದರ್ಶಿಯವರು 'ಕಾಯದಶಿ'. ಇವನ್ನೆಲ್ಲ ನುಂಗಬಹುದಿತ್ತು. ಆದರೆ ಸಂಘದ ಅಧ್ಯಕ್ಷರ ಹೆಸರು ಮೂರ್ತಿ ಎಂದು ಮುಗಿಯುತ್ತಿತ್ತು. ಉಪಾಧ್ಯಕ್ಷರದೂ. ನಮ್ಮ ಕಡೆ ಕಲ್ಲೆಸೆದರೆ ಮೂರ್ತಿಯವರಿಗೇ ಬೀಳುವುದು. ನಿರೂಪಣೆಗೆ ಪಿಯುಸಿ ಓದುವ ಹುಡುಗಿ, ಪಾಪ, ಕೈಗೆ ಕೊಟ್ಟದ್ದನ್ನು ಶ್ರದ್ಧೆಯಿಂದ ಓದುವವಳು. "ಈಗ ನಮ್ಮೆಲ್ಲರ ನೆಚ್ಚಿನ ಮೂತಿಯವರು ಎರಡು ಮಾತನಾಡಬೇಕೆಂದು ಕೋರುತ್ತೇನೆ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಎದ್ದರು, ಒಮ್ಮೆ ಗಲ್ಲ ಸವರಿಕೊಂಡರು, ಮೈಕ್ ಹಿಡಿದು ಇಪ್ಪತ್ತು ನಿಮಿಷ ನಾಡುನುಡಿಯ ಬಗ್ಗೆ ಮಾತನಾಡಿದರು. ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, "ತಿದ್ದಿಡ್ರಿ. ಇನ್ನೊಂದು ಸಲ ಅಚ್ಚು ಹಾಕ್ಸೋಣ. ದುಡ್ಡು ನಾನು ಕೊಡ್ತೀನಿ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮೂರು ರಾತ್ರಿ ಕೂತೆ. ಅಂಗಿಗೆ ಗುಂಡಿ ಹೊಲಿಯುವ ಹಾಗೆ ಒಂದೊಂದೇ ಅರ್ಕಾವತ್ತು ಹಾಕಿದೆ. ಮುಗಿಯುವ ಹೊತ್ತಿಗೆ ಸಂಘ ಲೆಕ್ಕಪತ್ರದ ಜಗಳದಲ್ಲಿ ಎರಡು ಹೋಳಾಗಿತ್ತು. ಸಂಚಿಕೆ ಮತ್ತೆ ಅಚ್ಚಾಗಲಿಲ್ಲ. ಕಂಪ್ಯೂಟರು ಗುಜರಿಗೆ ಹೋಯಿತು. ತಿದ್ದಿದ ಪ್ರತಿ ಪೆನ್‌ಡ್ರೈವಿನಲ್ಲಿ ಉಳಿಯಿತು. ಅದರ ಮುಚ್ಚಳ ಕಳೆದಿದ್ದರಿಂದ ಧೂಳು ಕೂರದಿರಲಿ ಎಂದು ಖಾಲಿ ಇಂಗಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ತಪ್ಪಿನ ಮುನ್ನೂರು ಪ್ರತಿ ಮನೆ ಮನೆಯ ಅಟ್ಟದ ಮೇಲೆ ಇವತ್ತಿಗೂ ಗಟ್ಟಿಮುಟ್ಟಾಗಿವೆ. ಗೆದ್ದಲೂ ಹಿಡಿದಿಲ್ಲ.

ಮರುದಿನ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು, ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಎಸ್.ಪಿ. ರೋಡಿಗೆ ನಡೆದೆ. "ಬನ್ನಿ ಸರ್, ಏನ್ ಬೇಕು ಸರ್, ಸಿಸಿಟಿವಿನಾ ಸರ್?" ಎಂದು ಹತ್ತು ಕಡೆಯಿಂದ ಕರೆದರು. ಮೊದಲನೇ ಮಹಡಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ಉಳಿಯಬೇಕಾದ ಒಂದು ಅಂಗಡಿ. ಆತ ಪೆನ್‌ಡ್ರೈವ್ ಚುಚ್ಚಿ ನೋಡಿದ. ಪರದೆಯ ಮೇಲೆ 'ನೋ ಮೀಡಿಯಾ'. ಸಣ್ಣ ಸ್ಕ್ರೂಡ್ರೈವರಿನಿಂದ ಚಿಪ್ಪು ಸೀಳಿದ. ಒಳಗೆ ಹಸಿರು ಹಲಗೆ, ಅದರ ಮೇಲೆ ಎರಡು ಕಪ್ಪು ಚೌಕ. ಭೂತಗನ್ನಡಿ ಹಿಡಿದು ಬಗ್ಗಿದವನು ಥಟ್ಟನೆ ತಲೆ ಎತ್ತಿದ.

"ಏನ್ ಸರ್ ಇದು ವಾಸನೆ?"

"ಇಂಗು" ಅಂದೆ.

ಅವನು ಇನ್ನೇನೂ ಕೇಳಲಿಲ್ಲ. ಸಣ್ಣ ಚೌಕ ಕಂಟ್ರೋಲರ್, ಅದು ಸತ್ತಿದೆ. ದೊಡ್ಡದರಲ್ಲಿ ಡೇಟಾ ಇದೆ, ಇರಬಹುದು. ಅದನ್ನು ಬಿಡಿಸಿ ಬೇರೆ ಯಂತ್ರದಲ್ಲಿ ಓದಿಸಬೇಕು. ಚೂರು ಚೂರಾಗಿ ಬಂದದ್ದನ್ನು ಜೋಡಿಸಬೇಕು. ಆರೂವರೆ ಸಾವಿರ. ಪದೇ ಪದೇ ಚುಚ್ಚದೆ ಮೊದಲೇ ತಂದಿದ್ದರೆ ಕಡಿಮೆಯಲ್ಲಿ ಆಗುತ್ತಿತ್ತು. "ಏನ್ ಸರ್ ಇದರಲ್ಲಿ ಅಷ್ಟು ಇಂಪಾರ್ಟೆಂಟು?"

ಅರ್ಕಾವತ್ತು ಅಂತ ಹೇಳಬೇಕಿತ್ತಾ? ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಗಾದೆ ಇಷ್ಟು ಅಕ್ಷರಶಃ ಯಾರ ಮೇಲೂ ಬಂದು ಕೂತಿರಲಿಕ್ಕಿಲ್ಲ. ಹೊಸ ಪೆನ್‌ಡ್ರೈವ್ ಮುನ್ನೂರೈವತ್ತು ಎಂದ. ಅದೂ ಬೇಡ ಎಂದು, ಸೀಳಿದ್ದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಸಿಕೊಂಡು ಜೇಬಿಗೆ ಹಾಕಿ ಬಂದೆ.

ಮೊನ್ನೆ ಬೆಳಿಗ್ಗೆ ಕಹಳೆ ಬಂಡೆ ಪಾರ್ಕಿನಲ್ಲಿ ಅಧ್ಯಕ್ಷರು ಸಿಕ್ಕರು. ಈಗ ಕೈಯಲ್ಲಿ ಕೋಲು ಬಂದಿದೆ. ಅದೇ ಬೆಂಚು, ಅದೇ ಮಫ್ಲರು. ಯಾವಾಗಲೂ ಕೇಳುವುದನ್ನೇ ಕೇಳಿದರು.

"ಆ ತಿದ್ದಿದ ಪ್ರತಿ ಇದೆ ತಾನೇ?"

"ಇದೆ ಸರ್. ನನ್ನ ಹತ್ರಾನೇ ಇದೆ."

ಸುಳ್ಳಲ್ಲ. ಜೇಬಿಗೆ ಕೈ ಹಾಕಿ ಮುಟ್ಟಿ ನೋಡಿಕೊಂಡೆ. ಅವರು ಮೂಗು ಅರಳಿಸಿ, ದೇವಸ್ಥಾನದ ಕಡೆ ತಿರುಗಿ ಉಸಿರೆಳೆದುಕೊಂಡರು.

"ಎಲ್ಲೋ ಸಾರಿಗೆ ಒಗ್ಗರಣೆ ಹಾಕ್ತಿದಾರೆ ಕಣ್ರೀ" ಅಂದರು.