ಮೀಡಿಯಾವಿಕಿಯನ್ನು ಲೋಕಲ್‌ನಲ್ಲಿ ಓಡಿಸ್ತೀರಾ? ಮೊದಲ ದಿನವೇ ಕನ್ನಡ ಹಾಕಿ

ಕನ್ನಡ ವಿಕಿಪೀಡಿಯಾ, ತುಳು ವಿಕಿಪೀಡಿಯಾ ಎರಡೂ ಓಡುವುದು ಮೀಡಿಯಾವಿಕಿ ತಂತ್ರಾಂಶದ ಮೇಲೆ. ಅದರ ಕೋಡ್‌ಗೆ ಕೈಹಾಕುವ ಆಸೆ ಇರುವವರು ಮೊದಲು ಅದನ್ನು ಲೋಕಲ್‌ನಲ್ಲಿ, ಅಂದರೆ ತಮ್ಮದೇ ಕಂಪ್ಯೂಟರ್‌ನಲ್ಲಿ ಓಡಿಸಬೇಕು. ಅದಕ್ಕೆ ದಯವಿಟ್ಟು ಹಳೇ ವಿಡಿಯೋ ನೋಡಿ ಝ್ಯಾಂಪ್ (ಪಿಎಚ್‌ಪಿ, ವೆಬ್ ಸರ್ವರ್ ಎಲ್ಲ ಒಟ್ಟಿಗೆ ಕೊಡುವ ಪ್ಯಾಕೇಜ್) ಹಾಕಿಕೊಳ್ಳಬೇಡಿ. ಅದರ ಪಿಎಚ್‌ಪಿ ಆವೃತ್ತಿಗೂ ಮೀಡಿಯಾವಿಕಿಯ ಮಾಸ್ಟರ್ ಬ್ರಾಂಚ್ (ಇತ್ತೀಚಿನ ಕೋಡ್) ಕೇಳುವುದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಅರ್ಧ ದಿನ ಹೋಯಿತು.

ಅದರ ಬದಲು ಡಾಕರ್ ಬಳಸಿ. ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ 'ಕಂಟೇನರ್' ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ ಅದು. ಅದಕ್ಕೆ ಬೇಕಾದ ಕಂಪೋಸ್ ಫೈಲ್ ಕೋಡ್ ಜೊತೆಗೇ ಬರುತ್ತೆ. ಮೀಡಿಯಾವಿಕಿ ಕೋಡ್ ಇರುವ ಗೆರಿಟ್ ತಾಣದಿಂದ ಕ್ಲೋನ್ ಮಾಡಿ, ಡಾಟ್ ಎನ್ವ್ (.env) ಎಂಬ ಸೆಟ್ಟಿಂಗ್ ಫೈಲ್ ಬರೆದು, 'ಡಾಕರ್ ಕಂಪೋಸ್ ಅಪ್' ಕೊಡಿ. ಆಮೇಲೆ ಕಂಟೇನರ್ ಒಳಗೆ, ಬೇಕಾದ ಪಿಎಚ್‌ಪಿ ಲೈಬ್ರರಿಗಳನ್ನು ತರುವ 'ಕಂಪೋಸರ್ ಅಪ್‌ಡೇಟ್', ಕೊನೆಗೆ ಇನ್‌ಸ್ಟಾಲ್ ಸ್ಕ್ರಿಪ್ಟ್. 8080 ಪೋರ್ಟ್‌ನಲ್ಲಿ ವಿಕಿ ಎದ್ದು ಕೂರುತ್ತೆ. ಪುಟ ಬೋಳುಬೋಳಾಗಿ ಕಂಡರೆ ಗಾಬರಿ ಬೇಡ. ಪುಟಕ್ಕೆ ರೂಪ ಕೊಡುವ ಸ್ಕಿನ್ ಮೂಲ ಕೋಡ್‌ನಲ್ಲಿ ಇರುವುದಿಲ್ಲ. ವೆಕ್ಟರ್ ಎಂಬ ಸ್ಕಿನ್ ಅನ್ನು ಬೇರೆಯಾಗಿ ತಂದು ಲೋಕಲ್‌ಸೆಟ್ಟಿಂಗ್ಸ್ (LocalSettings.php) ಫೈಲ್‌ನಲ್ಲಿ ಒಂದು ಸಾಲು ಸೇರಿಸಬೇಕು.

ಲಿನಕ್ಸ್‌ನಲ್ಲಿ ಜನ ಎಡವುವುದು ಪರ್ಮಿಷನ್ ಹತ್ತಿರ. ಡೇಟಾಬೇಸ್ ಎಸ್‌ಕ್ಯೂಲೈಟ್, ಕ್ಯಾಶ್ ಫೋಲ್ಡರ್ ಒಳಗಿನ ಫೈಲ್‌ಗಳಷ್ಟೇ. ಕಂಟೇನರ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲದಿದ್ದರೆ 'ರೀಡ್‌ಓನ್ಲಿ ಡೇಟಾಬೇಸ್' ಅಂತ ಬರುತ್ತೆ. ಡಾಟ್ ಎನ್ವ್‌ನಲ್ಲಿ ನಿಮ್ಮ ಯುಐಡಿ, ಜಿಐಡಿ (ಲಿನಕ್ಸ್‌ನಲ್ಲಿ ನಿಮ್ಮ ಮತ್ತು ನಿಮ್ಮ ಗುಂಪಿನ ಸಂಖ್ಯೆ) ಹಾಕಿ. ಇಡೀ ಫೋಲ್ಡರ್‌ಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟು ಕೈತೊಳೆದುಕೊಂಡರೆ, ನೀವು ಮುಟ್ಟದ ಸಾವಿರಾರು ಫೈಲ್‌ಗಳೂ ಬದಲಾಗಿವೆ ಅಂತ ಗಿಟ್ ತೋರಿಸುತ್ತೆ. ವಿಂಡೋಸ್‌ನವರು ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೆ ಓಡುವ ಲಿನಕ್ಸ್) ಒಳಗೇ ಕ್ಲೋನ್ ಮಾಡಿ. ಸಿ ಡ್ರೈವ್‌ನಲ್ಲಿಟ್ಟರೆ ಪುಟ ಆಮೆಯಂತೆ ತೆವಳುತ್ತೆ. ಸಾಲದ್ದಕ್ಕೆ ವಿಂಡೋಸ್ ಗಿಟ್ ಸಾಲಿನ ಕೊನೆಯ ಗುರುತು ಬದಲಿಸಿಬಿಟ್ಟರೆ ಇನ್‌ಸ್ಟಾಲ್ ಸ್ಕ್ರಿಪ್ಟೇ ಓಡುವುದಿಲ್ಲ. 8080ರಲ್ಲಿ ಬೇರೇನೋ ಓಡುತ್ತಿದ್ದರೆ ಪೋರ್ಟ್ ಬದಲಿಸಿ, ಆದರೆ ಇನ್‌ಸ್ಟಾಲ್‌ಗೆ ಮೊದಲೇ, ಸರ್ವರ್ ವಿಳಾಸದಲ್ಲೂ ಬದಲಿಸಿ. ಇಲ್ಲದಿದ್ದರೆ ಕೊಂಡಿಗಳೆಲ್ಲ ಹಳೇ ಪೋರ್ಟ್‌ಗೇ ಓಡುತ್ತವೆ.

ಇಷ್ಟಾದ ಮೇಲೆ ಬಹಳ ಜನ ಇಂಗ್ಲಿಷ್ ಮುಖಪುಟ ನೋಡಿ ಖುಷಿಯಾಗಿ ಕೋಡ್ ಬರೆಯಲು ಕೂರುತ್ತಾರೆ. ನನ್ನ ತಕರಾರು ಇಲ್ಲೇ. ಭಾಷೆಯ ಕೋಡ್ ಅನ್ನು ಆಗಲೇ 'ಕೆಎನ್' (kn, ಅಂದರೆ ಕನ್ನಡ) ಮಾಡಿ. ಪುಟದಲ್ಲಿ 12ರ ಬದಲು ೧೨ ಕಾಣಿಸುತ್ತೆ; ತೆರೆಯ ಮೇಲಿನ ಅಂಕಿಯನ್ನು ಎತ್ತಿಕೊಂಡು ಪಾರ್ಸ್‌ಇಂಟ್‌ನಿಂದ ಸಂಖ್ಯೆಯಾಗಿ ಬದಲಿಸುವ ಜಾವಾಸ್ಕ್ರಿಪ್ಟ್ ಅಲ್ಲೇ ಮುಗ್ಗರಿಸುತ್ತೆ. ಬಟನ್‌ನ ಎತ್ತರ ಇಂಗ್ಲಿಷಿಗೆ ಅಳೆದಿಟ್ಟದ್ದಾದರೆ 'ಸ್ತ್ರೀ' ಪದದ ಒತ್ತು ಕತ್ತರಿಸಿಹೋಗುತ್ತೆ. ಕಣ್ಣಿಗೆ ಒಂದೇ ಅಕ್ಷರವಾದ 'ಕ್ಷ' ಜಾವಾಸ್ಕ್ರಿಪ್ಟ್‌ನ ಲೆಕ್ಕದಲ್ಲಿ ಮೂರು. ಇಂತಿಷ್ಟು ಅಕ್ಷರಕ್ಕೆ ಶೀರ್ಷಿಕೆ ಕತ್ತರಿಸುವ ಕೋಡ್ ನಡುವೆ 'ಕ್' ಅಂತ ನಿಲ್ಲಿಸಿಬಿಡಬಹುದು. ಇವು ಯಾವುದೂ ಇಂಗ್ಲಿಷ್ ಪುಟದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಸಂದೇಶ ಎಲ್ಲಿಂದ ಬಂತು ಅಂತ ತಿಳಿಯದಿದ್ದರೆ ವಿಳಾಸದ ಕೊನೆಗೆ ಯೂಸ್‌ಲ್ಯಾಂಗ್ ಎಂದು ಸೇರಿಸಿ, ಮೌಲ್ಯವಾಗಿ 'ಕ್ಯೂಕ್ಯೂಎಕ್ಸ್' ಕೊಡಿ (uselang=qqx). ಪಠ್ಯದ ಜಾಗದಲ್ಲಿ ಸಂದೇಶದ ಹೆಸರೇ ಕಾಣುತ್ತೆ. ಆದರೆ ಅನುವಾದ ತಪ್ಪಿದ್ದರೆ, ಕನ್ನಡ ಸಂದೇಶಗಳಿರುವ ಕೆಎನ್ ಜೇಸನ್ (kn.json) ಫೈಲ್ ತಿದ್ದಿ ಪ್ಯಾಚ್ ಕಳಿಸಬೇಡಿ. ಅದು ಟ್ರಾನ್ಸ್‌ಲೇಟ್‌ವಿಕಿ ಎಂಬ ಅನುವಾದ ತಾಣದಿಂದ ತಾನಾಗಿ ಬರುವ ಫೈಲ್, ತಿದ್ದಬೇಕಾದ್ದು ಅಲ್ಲೇ.