ಅಮೆರಿಕದ ಶಾಲೆಗಳಲ್ಲಿ ಪ್ರಾರ್ಥನೆಗೆ ನಿಷೇಧವಿದೆಯೇ?

‘ಅಮೆರಿಕದ ಶಾಲೆಗಳಲ್ಲಿ ಮಕ್ಕಳು ದೇವರನ್ನು ನೆನೆಯುವ ಹಾಗೇ ಇಲ್ಲ, ಕ್ರೈಸ್ತರಿಗೆ ಕಿರುಕುಳ’ ಎಂಬ ಫಾರ್ವರ್ಡ್ ವರ್ಷಗಳಿಂದ ಸುತ್ತುತ್ತಿದೆ. ಇದು ನಿಜವಲ್ಲ. 1962 ಮತ್ತು 1963ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳು ತಡೆದದ್ದು ಸರ್ಕಾರಿ ಶಾಲೆಯೇ ಮುಂದೆ ನಿಂತು ಮಾಡಿಸುವ ಪ್ರಾರ್ಥನೆ, ಬೈಬಲ್ ಪಠಣವನ್ನು. ಊಟದ ಡಬ್ಬಿ ತೆರೆಯುವ ಮುಂಚೆ ಮಗು ತಾನಾಗಿ ಕಣ್ಣು ಮುಚ್ಚಿ ಕೈ ಜೋಡಿಸಿದರೆ ಶಾಲೆ ಬೇಡ ಅನ್ನುವಂತಿಲ್ಲ. ವಿದ್ಯಾರ್ಥಿಗಳ ಧಾರ್ಮಿಕ ಕ್ಲಬ್‌ಗಳಿಗೂ ಬೇರೆ ಕ್ಲಬ್‌ಗಳಷ್ಟೇ ಅವಕಾಶ ಕೊಡಬೇಕೆಂಬ 1984ರ ಕಾನೂನು ಬಂದ ಮೇಲಂತೂ ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ವಿದ್ಯಾರ್ಥಿಗಳೇ ಬೈಬಲ್ ಕ್ಲಬ್ ನಡೆಸುತ್ತಾರೆ.

ಅಲ್ಲಿ ಕ್ರೈಸ್ತರೇ ಜಾಸ್ತಿ. ಹಾಗಂತ ಅವರ ಬೇಸರ ಸುಮ್ನೆ ನಾಟಕವಲ್ಲ. ಮೊದಲಿಂದ ಇದ್ದ ರೂಢಿ ತಪ್ಪಿದರೆ ಯಾರಿಗಾದರೂ ನೋವಾಗುತ್ತದೆ, ಅಲ್ವಾ? ಆದರೆ ಹೋಗಿದ್ದು ಶಾಲೆಯ ಬೆಂಬಲ, ಪ್ರಾರ್ಥಿಸುವ ಹಕ್ಕಲ್ಲ.

ಇಂಥ ಮೆಸೇಜ್ ಬಂದರೆ ತೀರ್ಪನ್ನೇ ಹುಡುಕಿ ಓದಿ, ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ತಡೆದದ್ದು ಶಾಲೆಯನ್ನೋ ಮಗುವನ್ನೋ ಎಂಬುದು ಅದರಲ್ಲೇ ಇರುತ್ತದೆ.